ಪಾಠ ಹೇಳುವವರೆಂದರೆ ಅಷ್ಟು ಹಗುರವೇ?



ಕಳೆದ ತಿಂಗಳು ಚಾಮರಾಜಪೇಟೆಯಲ್ಲಿರುವ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಊಟ ಮುಗಿದು ಎಲೆಯಡಿಕೆಯ ತಟ್ಟೆ ಸುತ್ತು ಬರುತ್ತಿದ್ದ ಹೊತ್ತಿಗೆ ನನ್ನ ತಮ್ಮನ ಮೊಮ್ಮಗಳ ವಿಷಯ ಮಾತಿಗೆ ಬಂದಿತು. ಆ ಹುಡುಗಿ ಹಾಡುತ್ತಾಳೆ. ವರ್ಷಕ್ಕೆ ಐದಾರು ಕಛೇರಿಗಳು ದೊರೆಯುತ್ತವೆ. ಮಲ್ಲೇಶ್ವರದ ಎರಡು ಕೋಣೆಯ ಮನೆಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಪಾಠ ಹೇಳುತ್ತಾಳೆ. ಇವೆರಡರ ಜೊತೆಗೆ, ಎರಡು ವರ್ಷಗಳಿಂದ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗಿ, ಅಲ್ಲಿನ ನೌಕರರನ್ನು ವೃತ್ತಾಕಾರವಾಗಿ ಕೂರಿಸಿ, ತಾಳ ಹಾಕಿಸಿ, ಸ್ವರಗಳನ್ನು ಅಲ್ಲೇ ಕಟ್ಟಿ ಹೇಳುವಂತೆ ಮಾಡಿ, ಹೊಸದನ್ನು ಯೋಚಿಸುವುದು ಹೇಗೆಂಬುದನ್ನು ಕಲಿಸುತ್ತಿದ್ದಾಳೆ. ಕಂಪನಿಯವರು ಇದನ್ನು ಕ್ರಿಯೇಟಿವಿಟಿ ಕೋಚಿಂಗ್ ಎನ್ನುತ್ತಾರಂತೆ.

ಆಗ ಹಿರಿಯರೊಬ್ಬರು ಸುಣ್ಣ ಸವರುತ್ತ ಹೀಗೆಂದರು: "ಕಛೇರಿ ಗಿಟ್ಟದವರು ಪಾಠ ಹೇಳುತ್ತಾರೆ, ಪಾಠವೂ ಸಾಲದವರು ಕಂಪನಿಗೆ ಹೋಗಿ ಗೊಂಬೆಯಾಟ ಆಡಿಸುತ್ತಾರೆ." ಎಲ್ಲರೂ ನಕ್ಕರು. ಹುಡುಗಿ ಮಜ್ಜಿಗೆಯ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೂವತ್ತೈದು ವರ್ಷ ಪಾಠ ಹೇಳಿ ಅನ್ನ ತಿಂದ ನಾನೂ ಬಾಯಿ ತೆರೆಯಲಿಲ್ಲ. ಅಂದು ಆಡಬೇಕಾಗಿದ್ದ ಮಾತನ್ನು ಇಂದು ಬರೆಯುತ್ತಿದ್ದೇನೆ. ಆ ಹಿರಿಯರೂ ಇದನ್ನು ಓದುತ್ತಾರೆಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಪಾಠ ಹೇಳುವವರು ಕಛೇರಿ ಗಿಟ್ಟದವರೆಂಬ ಮಾತು. ಇದು ಎಲ್ಲಿಂದ ಬಂದಿತೋ ನಾನರಿಯೆ. ನಮ್ಮ ನಾಡಿನ ಸಂಗೀತದ ಚರಿತ್ರೆಯಿಂದಂತೂ ಬಂದದ್ದಲ್ಲ. ಮೈಸೂರು ವಾಸುದೇವಾಚಾರ್ಯರು ೧೮೬೫ರಲ್ಲಿ ಹುಟ್ಟಿ ೧೯೬೧ರಲ್ಲಿ ತೀರಿಕೊಂಡವರು. ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿತು ಬಂದವರು, ಅರಮನೆಯ ಆಸ್ಥಾನ ವಿದ್ವಾಂಸರು, ಊರೂರುಗಳಲ್ಲಿ ಹಾಡಿ ಸೈ ಎನ್ನಿಸಿಕೊಂಡವರು. ಅವರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋದದ್ದು ಪಾಠ ಹೇಳುವುದಕ್ಕೆ. ಅಲ್ಲಿ ಮಕ್ಕಳಿಗೆ ಕಲಿಸುತ್ತಲೇ, ತೊಂಬತ್ತರ ಆಸುಪಾಸಿನಲ್ಲಿ, ರುಕ್ಮಿಣೀದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತವನ್ನು ಹೊಸದಾಗಿ ಕಟ್ಟಿಕೊಟ್ಟರು. ಹಾಡುವವರು, ಹೇಳಿಕೊಡುವವರು, ಕಟ್ಟುವವರು ಎಂದು ಅವರನ್ನು ಮೂರು ತುಂಡು ಮಾಡುವುದಕ್ಕೆ ಯಾರಿಂದಾದೀತು?

ಇನ್ನು ನಮ್ಮ ಕಾಲಕ್ಕೆ ಬಂದರೆ ಆರ್. ಕೆ. ಶ್ರೀಕಂಠನ್ ಅವರು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ, ಕಾವೇರಿಯ ದಡದಲ್ಲಿ, ೧೯೨೦ರಲ್ಲಿ ಹುಟ್ಟಿದವರು. ಕೋಟೆ ಹೈಸ್ಕೂಲಿನ ಮೈದಾನದ ರಾಮನವಮಿಯ ಚಪ್ಪರವನ್ನು (ಶ್ರೀರಾಮ ಸೇವಾ ಮಂಡಳಿಯು ೧೯೩೯ರಲ್ಲಿ ಆರಂಭಿಸಿದ ಉತ್ಸವ ಅದು) ಬಲ್ಲ ನನ್ನ ವಯಸ್ಸಿನವರಿಗೆ ಆ ಕಂಠದ ಗಾಂಭೀರ್ಯವನ್ನು ಬಣ್ಣಿಸಬೇಕಾಗಿಲ್ಲ. ಸಾಹಿತ್ಯದ ಒಂದಕ್ಷರವೂ ಸವೆಯದ ಉಚ್ಚಾರಣೆ, ಅಲುಗಾಡದ ಶ್ರುತಿ. ಅವರು ಜೀವನೋಪಾಯಕ್ಕಾಗಿ ಆಕಾಶವಾಣಿಯಲ್ಲಿ ಉದ್ಯೋಗ ಮಾಡಿದರು. ಮನೆಯಲ್ಲಿ ಪಾಠ ಹೇಳಿದರು. ಎಂ. ಎಸ್. ಶೀಲಾ, ಟಿ. ಎಸ್. ಸತ್ಯವತಿ ಅವರಂಥವರು ಆ ಪಾಠದಿಂದ ಬಂದವರು. ೧೯೯೫ರಲ್ಲಿ ಸಂಗೀತ ಕಲಾನಿಧಿ ಬಂದಿತು, ೨೦೧೧ರಲ್ಲಿ ಪದ್ಮಭೂಷಣ. ೨೦೧೪ರಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ವೇದಿಕೆಯ ಮೇಲೆ ಕುಳಿತು ಹಾಡಿದ್ದರು. ಪಾಠ ಹೇಳಿದ್ದರಿಂದ ಅವರ ವಿದ್ವತ್ತು ಎಷ್ಟು ತೊಲ ಕಡಿಮೆಯಾಯಿತೆಂಬುದನ್ನು ನಮ್ಮ ಹಿರಿಯರು ತೂಗಿ ಹೇಳಲಿ. ಅವರ ಸ್ವರ ಅಷ್ಟು ವರ್ಷ ನಿಂತದ್ದಕ್ಕೆ, ದಿನವೂ ಶಿಷ್ಯರ ಮುಂದೆ ತಪ್ಪಿಲ್ಲದೆ ಹಾಡಿ ತೋರಿಸಬೇಕಾಗಿದ್ದ ಆ ಕಟ್ಟುಪಾಡೂ ಒಂದು ಕಾರಣವಿರಬೇಕೆಂದು ನನ್ನ ಎಣಿಕೆ. ತರಗತಿಗೆ ಸಿದ್ಧನಾಗದೆ ಹೋದ ದಿನ ಮೇಷ್ಟರ ಗತಿ ಏನಾಗುತ್ತದೆಂಬುದು ನನಗೆ ಗೊತ್ತು, ನಿಮಗೂ ಗೊತ್ತು.

ಈಗ ಗೊಂಬೆಯಾಟದ ಮಾತಿಗೆ ಬರುತ್ತೇನೆ. ಇದಕ್ಕಾಗಿ ಸಂಗೀತದ ಒಳಗಿನ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಬಲ್ಲವರು ಕ್ಷಮಿಸಿ.

ನಮ್ಮ ಪದ್ಧತಿಯಲ್ಲಿ ಮನೋಧರ್ಮವೆಂಬುದೊಂದು ಇದೆ. ಆಲಾಪನೆ, ತಾನ, ನೆರವಲ್, ಸ್ವರಕಲ್ಪನೆ, ಇವೆಲ್ಲ ಅದರ ರೂಪಗಳು. ಕೃತಿಯನ್ನು ಗುರುವು ಕೊಡುತ್ತಾನೆ. ಮನೋಧರ್ಮವನ್ನು ಹಾಗೆ ಕೊಡಲು ಬರುವುದಿಲ್ಲ. ಆದರೂ ಅದನ್ನು ಕಲಿಸುತ್ತಾರೆ. ಹೇಗೆ? ಮಾಯಾಮಾಳವಗೌಳದ ಸರಳೆ, ಜಂಟಿ, ಅಲಂಕಾರಗಳಿಂದ ಆರಂಭಿಸಿ ಗೀತೆ, ವರ್ಣ, ಕೃತಿಗಳ ದಾರಿಯಲ್ಲಿ ವರ್ಷಗಟ್ಟಲೆ ನಡೆಸಿದ ಮೇಲೆ, ಒಂದು ದಿನ ಗುರುವು ತಾನೊಂದು ಆವರ್ತ ಸ್ವರ ಹಾಡಿ ಸುಮ್ಮನಾಗುತ್ತಾನೆ. ಮುಂದಿನ ಆವರ್ತ ಶಿಷ್ಯನದು. ಆದಿತಾಳವಾದರೆ ಎಂಟು ಅಕ್ಷರ, ಎರಡನೆಯ ಕಾಲದಲ್ಲಿ ಮೂವತ್ತೆರಡು ಸ್ವರಗಳ ಜಾಗ. ಅಷ್ಟರೊಳಗೆ ರಾಗದ ಸಂಚಾರ ಕೆಡದಂತೆ, ತಾಳ ತಪ್ಪದಂತೆ, ಪಲ್ಲವಿಯು ಎತ್ತಿಕೊಳ್ಳುವ ಜಾಗಕ್ಕೆ ಸರಿಯಾಗಿ ಬಂದು ಸೇರಬೇಕು. ಮೊದಲ ದಿನ ಯಾರೂ ಸೇರುವುದಿಲ್ಲ. ಎರಡು ಸ್ವರ ಹೆಚ್ಚಾಗುತ್ತದೆ, ಇಲ್ಲವೇ ನಿಷಾದದಲ್ಲಿ ಸಿಕ್ಕಿ ಬಿದ್ದು ದಾರಿ ಕಾಣದಾಗುತ್ತದೆ. ಗುರುವು ಬೈಯುವುದಿಲ್ಲ (ಒಳ್ಳೆಯ ಗುರುವಾದರೆ), ತಾಳವನ್ನೂ ನಿಲ್ಲಿಸುವುದಿಲ್ಲ. ಮತ್ತೆ ತಾನೊಂದು ಆವರ್ತ ಹಾಡುತ್ತಾನೆ, ಮತ್ತೆ ಬಿಡುತ್ತಾನೆ. ಎಷ್ಟು ಸರಳವಾದ, ಎಷ್ಟು ಕಠಿಣವಾದ ಪಾಠ! ತಪ್ಪುವುದಕ್ಕೆ ಅವಕಾಶವಿದೆ, ಓಡಿಹೋಗುವುದಕ್ಕೆ ಅವಕಾಶವಿಲ್ಲ. ಸೃಜನಶೀಲತೆಯನ್ನು ಕಲಿಸುವ ಇದಕ್ಕಿಂತ ಉತ್ತಮವಾದ ಉಪಾಯವನ್ನು ನನ್ನ ಇಡೀ ಅಧ್ಯಾಪಕವೃತ್ತಿಯಲ್ಲಿ ನಾನು ಕಂಡಿಲ್ಲ. ನಾವು ಶಾಲೆಗಳಲ್ಲಿ ಪ್ರಬಂಧ ಬರೆಯಿಸುವಾಗಲೂ ಮಾದರಿ ಪ್ರಬಂಧವನ್ನು ಕರಿಹಲಗೆಯ ಮೇಲೆ ಬರೆದು ನಕಲು ಮಾಡಿಸಿದವರಲ್ಲವೇ?

ಹೀಗಿರುವಾಗ, ಹುಡುಗಿಯು ಕಂಪನಿಯವರಿಗೆ ಕಲಿಸುತ್ತಿರುವುದು ಹೊಸ ವಿದ್ಯೆಯಲ್ಲ. ಗುರುಮನೆಯ ಅತ್ಯಂತ ಹಳೆಯ ಪಾಠ. ಅದನ್ನು ಹೊರಗಿನವರ ಮುಂದೆ ಇಟ್ಟವರಲ್ಲಿ ಆಕೆ ಮೊದಲಿಗಳೂ ಅಲ್ಲ. ನಮ್ಮ ಬೆಂಗಳೂರಿನಲ್ಲೇ ಮೃದಂಗ ವಿದ್ವಾಂಸರಾದ ಟಿ. ಎ. ಎಸ್. ಮಣಿಯವರು ೧೯೬೪ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಶಾಲೆಯನ್ನು ಸ್ಥಾಪಿಸಿದರು. ಹೆಸರು ಆಂಗ್ಲ, ಪಾಠ ನಮ್ಮದು: ಮೃದಂಗ, ಘಟ, ಕೊನ್ನಕ್ಕೋಲು, ಮೂರು, ನಾಲ್ಕು, ಐದು, ಏಳು, ಒಂಬತ್ತರ ಲೆಕ್ಕಾಚಾರ. ಅವರ ಪತ್ನಿ, ಗಾಯಕಿ ಆರ್. ಎ. ರಮಾಮಣಿಯವರು, ಶಾಲೆಯ ಕಲಾವಿದರೊಂದಿಗೆ ಚಾರ್ಲಿ ಮಾರಿಯಾನೊ ಎಂಬ ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕರ ಜೊತೆ ಹಾಡಿದ "ಜ್ಯೋತಿ" ಎಂಬ ಧ್ವನಿಮುದ್ರಿಕೆಯನ್ನು ೧೯೮೩ರಲ್ಲಿ ಜರ್ಮನಿಯ ಪ್ರಸಿದ್ಧ ಸಂಸ್ಥೆಯೊಂದು ಹೊರತಂದಿತು. ಮಾರಿಯಾನೊ ಸ್ವತಃ ಬಾಸ್ಟನ್ನಿನ ಬರ್ಕ್ಲಿ ಸಂಗೀತಶಾಲೆಯಲ್ಲಿ ಪಾಠ ಹೇಳಿದ್ದವರು. ಎರಡು ದೇಶಗಳ ಮೇಷ್ಟರುಗಳು ಕೂಡಿ ಹಾಡಿದ್ದಾರೆ, ನುಡಿಸಿದ್ದಾರೆ! ಅಂದು ಇಲ್ಲಿ ಮಡಿವಂತರು ಮೂಗು ಮುರಿದರೆಂಬುದರಲ್ಲಿ ನನಗೆ ಸಂಶಯವಿಲ್ಲ, ಏಕೆಂದರೆ ಮುರಿದವರಲ್ಲಿ ನಾನೂ ಒಬ್ಬ. ಮಿತ್ರರೊಬ್ಬರ ಮನೆಯಲ್ಲಿ ಆ ಮುದ್ರಿಕೆಯನ್ನು ಅರ್ಧ ಕೇಳಿ ಎದ್ದು ಬಂದಿದ್ದೆ. ಇತ್ತೀಚೆಗೆ ಪೂರ್ತಿ ಕೇಳಿದೆ. ಆ ಹೆಣ್ಣುಮಗಳ ಸ್ವರದಲ್ಲಿ ಶಾಸ್ತ್ರವು ಎಲ್ಲಿಯೂ ಕೆಟ್ಟಿಲ್ಲ. ಕೆಟ್ಟಿದ್ದುದು ನನ್ನ ಕಿವಿ.

ಇಷ್ಟಕ್ಕೂ ಹಿರಿಯರಿಗೆ ನನ್ನದೊಂದು ಪ್ರಶ್ನೆ. ಹುಡುಗಿಯು ಕಂಪನಿಗೆ ಹೋಗುವುದು ಸಂಗೀತದ ಮಾರಾಟವೆನ್ನುತ್ತೀರಿ. ಆಕೆಯ ಕಛೇರಿಗೆ ನೀವೆಷ್ಟು ಸಲ ಹೋಗಿದ್ದೀರಿ? ಕೃಷ್ಣರಾಜೇಂದ್ರ ರಸ್ತೆಯ ಗಾಯನ ಸಮಾಜ ನಿಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ೧೯೦೫ರಿಂದ ಇರುವ ಸಂಸ್ಥೆ. ಕಿರಿಯರ ಕಛೇರಿಗಳಲ್ಲಿ ಮುಂದಿನ ಎರಡು ಸಾಲು ತುಂಬಿದರೆ ಅದೇ ಪುಣ್ಯ, ಮಿಕ್ಕಂತೆ ಮಕ್ಕಳು ಕುರ್ಚಿಗಳಿಗೆ ಹಾಡಿ ಬರುತ್ತಾರೆ. ಚೌಡಯ್ಯನವರು ದೊಡ್ಡ ಸಭೆಯ ಕೊನೆಯ ಸಾಲಿಗೂ ಕೇಳಿಸಬೇಕೆಂದು ಪಿಟೀಲಿಗೆ ಏಳು ತಂತಿ ಹಾಕಿಕೊಂಡರು. ನಾವು ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಭವನವನ್ನೇ ಕಟ್ಟಿದೆವು. ಆದರೆ ಅಲ್ಲಿಗೆ ಸಂಗೀತ ಕೇಳಲು ಹೋಗುವವರಿಗಿಂತ ಮೊಮ್ಮಕ್ಕಳ ಶಾಲಾ ವಾರ್ಷಿಕೋತ್ಸವಕ್ಕೆ ಹೋಗುವವರೇ ನಮ್ಮ ಮನೆತನದಲ್ಲಿ ಹೆಚ್ಚು. ಕೇಳಲು ಬಾರದವರಿಗೆ, ಹಾಡುವವರು ಏನು ಮಾಡಿ ಬದುಕಬೇಕೆಂದು ಅಪ್ಪಣೆ ಕೊಡುವ ಅಧಿಕಾರವೆಲ್ಲಿದೆ? ಇನ್ನು ಕಂಪನಿಯೆಂದರೆ ಕಚೇರಿ, ಹಾಡುವುದೂ ಕಛೇರಿ. ಒಂದು ಬಾಲ ಹೆಚ್ಚುಕಡಿಮೆ, ಅಷ್ಟೆ.

ಹಾಗೆಂದು ಹುಡುಗಿಯ ಎಲ್ಲವನ್ನೂ ನಾನು ಒಪ್ಪಿದ್ದೇನೆಂದಲ್ಲ. ಕಂಪನಿಯವರು ಮುದ್ರಿಸಿದ ಒಂದು ಕರಪತ್ರವನ್ನು ತೋರಿಸಿದಳು. ಎರಡು ಗಂಟೆಯಲ್ಲಿ ನಿಮ್ಮೊಳಗಿನ ಸೃಜನಶಕ್ತಿ ಜಾಗೃತವಾಗುತ್ತದೆಂದು ಅದರಲ್ಲಿತ್ತು. ಇದು ಸುಳ್ಳು, ಇದನ್ನು ಅವಳಿಗೂ ಹೇಳಿದೆ. ಎರಡು ಗಂಟೆಯಲ್ಲಿ ತಾಳ ಹಾಕುವುದೇ ಸರಿಯಾಗಿ ಬರುವುದಿಲ್ಲ. ಸರಳೆ ಹಾಡದವನಿಗೆ ಮನೋಧರ್ಮ ಬರುತ್ತದೆಂದು ಮಾತು ಕೊಡುವುದು ಆ ಹಳೆಯ ಪಾಠಕ್ಕೇ ಮಾಡುವ ಅಪಚಾರ. ಅವಳು ಒಪ್ಪಿಕೊಂಡಳು, ಆದರೆ ಒಂದು ಮಾತು ಸೇರಿಸಿದಳು: "ತಾತ, ಅವರಿಗೆ ಮನೋಧರ್ಮ ಬರುವುದಿಲ್ಲ, ನಿಜ. ತಪ್ಪಿದರೆ ತಾಳ ನಿಲ್ಲುವುದಿಲ್ಲ ಅನ್ನೋದಾದರೂ ಗೊತ್ತಾಗುತ್ತೆ. ಅದೂ ಎಷ್ಟೋ ಜನಕ್ಕೆ ಗೊತ್ತಿಲ್ಲ."

ಈ ಮಾತು ಕೇಳಿದಂದಿನಿಂದ ನನಗೆ ನೆಮ್ಮದಿಯಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ನಾನು ಶಾಲಾಮಕ್ಕಳ ಸಂಗೀತ ಸ್ಪರ್ಧೆಯೊಂದರ ತೀರ್ಪುಗಾರನಾಗಿದ್ದೆ. ಕೊನೆಯ ಸುತ್ತಿನಲ್ಲಿ ಇಬ್ಬರು ಹುಡುಗಿಯರು ಉಳಿದಿದ್ದರು. ಒಬ್ಬಳು ಕಲ್ಪನಾಸ್ವರವನ್ನು ಒಂದು ಎಳೆ ಆಚೀಚೆಯಾಗದಂತೆ ಹಾಡಿದಳು; ಅದು ಮನೆಯಲ್ಲಿ ಬರೆದು ಬಾಯಿಪಾಠ ಮಾಡಿಸಿದ್ದೆಂಬುದು ನನಗೆ ಎರಡನೆಯ ಆವರ್ತಕ್ಕೇ ತಿಳಿದಿತ್ತು. ಇನ್ನೊಬ್ಬಳು ಅಲ್ಲೇ ಕಟ್ಟಿ ಹಾಡಿದಳು. ಮೂರು ಆವರ್ತ ಸೊಗಸಾಗಿ ಬಂದು, ನಾಲ್ಕನೆಯದರಲ್ಲಿ ಎತ್ತುಗಡೆಯನ್ನು ದಾಟಿಹೋಗಿ ಒಂದು ಕ್ಷಣ ತಡವರಿಸಿ, ಮುಂದಿನ ಆವರ್ತದಲ್ಲಿ ತಾನೇ ಸರಿಮಾಡಿಕೊಂಡು ಬಂದು ಸೇರಿದಳು. ನಾನು ಮೊದಲನೆಯವಳಿಗೆ ಬಹುಮಾನ ಕೊಟ್ಟೆ. ಎರಡನೆಯವಳ ಹಾಳೆಯಲ್ಲಿ "ತಾಳ ತಪ್ಪಿದೆ" ಎಂದು ಕೆಂಪು ಶಾಯಿಯಲ್ಲಿ ಬರೆದೆ. ಅಂಕದ ಲೆಕ್ಕದಲ್ಲಿ ಅದು ಸರಿಯಾದ ತೀರ್ಪೇ, ಇಂದಿಗೂ ಯಾರೂ ಆಕ್ಷೇಪಿಸಲಾರರು.

ಮುಂದಿನ ವರ್ಷದಿಂದ ಆ ಸ್ಪರ್ಧೆಗೆ ಬಂದ ಮಕ್ಕಳೆಲ್ಲ ಬರೆದುಕೊಂಡೇ ಬಂದರು. ತಂದೆತಾಯಂದಿರಿಗೆ ದಾರಿ ತೋರಿಸಿದವನು ನಾನು. ಇಂದು ಸ್ವರಗಳನ್ನು ಧ್ವನಿಮುದ್ರಣದಿಂದ ಕೇಳಿ ಒಪ್ಪಿಸುವ ಮಕ್ಕಳನ್ನು ಬೀದಿಗೊಬ್ಬರಂತೆ ಕಾಣುತ್ತೇನೆ. ಅವರೇ ದೊಡ್ಡವರಾಗಿ ಉದ್ಯೋಗಕ್ಕೆ ಸೇರಿದಾಗ, ಸ್ವಂತವಾಗಿ ಯೋಚಿಸುವುದನ್ನು ಕಲಿಸಿರೆಂದು ಕಂಪನಿಗಳು ಯಾರನ್ನೋ ಹುಡುಕಿಕೊಂಡು ಹೋಗುತ್ತವೆ. ನಮ್ಮ ಹುಡುಗಿ ತಂಬೂರಿಯ ಪೆಟ್ಟಿಗೆ ಹೊತ್ತು ಹೋಗುತ್ತಾಳೆ. ನಾನು ಕೆಡಿಸಿದ್ದನ್ನು ಸರಿಪಡಿಸಲು ಹೋಗುತ್ತಿರುವವಳನ್ನು ನೋಡಿ ನೀವು ನಕ್ಕಿರಿ, ನಾನು ನಗಗೊಟ್ಟೆ.

ಎರಡನೆಯ ಹುಡುಗಿಯ ಹೆಸರು ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಆಕೆಯೂ ಇದ್ದರೆ, ಆ ರಾಗ ಕಲ್ಯಾಣಿಯೆಂಬುದು ಆಕೆಗೆ ತಿಳಿದೇ ಇರುತ್ತದೆ. ಅಮ್ಮಾ, ಅಂದು ನೀನು ಬಂದು ಸೇರಿದ್ದೆ. ನಾನು ಕೇಳಿಸಿಕೊಂಡಿದ್ದೆ.

ಮಲ್ಲೇಶ್ವರದ ಮನೆಯಲ್ಲಿ ಮಕ್ಕಳ ಪಾಠ ಭಾನುವಾರ ಬೆಳಿಗ್ಗೆ ಎಂಟಕ್ಕೆ. ಈ ವಾರದಿಂದ ಹೋಗಿ ಮೂಲೆಯಲ್ಲಿ ಕುಳಿತು ಕೇಳಲು ಅನುಮತಿ ಪಡೆದಿದ್ದೇನೆ. ಸುಮ್ಮನೆ ಕೂರಲು ಬಿಡುವುದಿಲ್ಲವಂತೆ, ಒಂದು ಆವರ್ತ ನನ್ನಿಂದಲೂ ಹಾಡಿಸುತ್ತಾಳಂತೆ. ಚಾಮರಾಜಪೇಟೆಯ ಹಿರಿಯರು ಬರುವುದಾದರೆ ಹಿಂದಿನ ದಿನ ದೂರವಾಣಿ ಮಾಡಲಿ; ಆಟೋದಲ್ಲಿ ಇಬ್ಬರಿಗೆ ಜಾಗವಿದೆ.