ಇಳಿಜಾರಿಗೆ ನಿಲ್ಲಿಸಿದ ಟ್ರ್ಯಾಕ್ಟರು

ಬೆಳಗಾವಿಯ ಉದ್ಯಮಬಾಗವನ್ನು ದಾಟಿ ಖಾನಾಪುರದ ಹಾದಿ ಹಿಡಿದವನಿಗೆ, ಮೃಗಶಿರಾ ಮಳೆಯ ದಿನಗಳಲ್ಲಿ, ಭತ್ತದ ಗದ್ದೆಗಳ ಮೇಲಣ ದಿಬ್ಬಗಳಲ್ಲಿ, ಮೂತಿಯನ್ನು ಇಳಿಜಾರಿನತ್ತ ಮಾಡಿ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ ಹಳೆಯ ಟ್ರ್ಯಾಕ್ಟರುಗಳು ಅಲ್ಲಲ್ಲಿ ಕಾಣುವವು. ಬ್ಯಾಟರಿಯ ಶಕ್ತಿ ಕುಂದಿರುವುದರಿಂದ, ಕಲ್ಲು ತೆಗೆದು ಉರುಳಬಿಟ್ಟು, ಗೇರಿಗೆ ಹಾಕಿ ಕ್ಲಚ್ಚು ಬಿಟ್ಟೊಡನೆ ಎಂಜಿನು ಹೊತ್ತಿಕೊಳ್ಳಲೆಂದು ಈ ಏರ್ಪಾಡು.

“ಕಾಕಾನ ಟ್ರ್ಯಾಕ್ಟರ್ ಎಲ್ಲೈತಿ ಅಂತ ಕೇಳಬ್ಯಾಡ್ರಿ, ಊರಾಗ ಇಳಕಲ ಎಲ್ಲೈತಿ ಅಂತ ಕೇಳ್ರಿ” ಎಂದು ಹೊಸ ಯಂತ್ರದ ತರುಣನೊಬ್ಬನು ಚಹದಂಗಡಿಯಲ್ಲಿ ಕೆಣಕಿದರೆ, “ನಿಂದು ನಿಂತರ ಪ್ಯಾಟಿಯಿಂದ ಮಿಸ್ತ್ರಿ ಬರಬೇಕಪಾ, ನಂದಕ್ಕ ಒಂದು ಪಾನಾ ಸಾಕು” ಎಂದು ಹಿರಿಯರ ಉತ್ತರ ಸಿದ್ಧವಾಗಿರುವುದು. ಇದನ್ನು ಬರಿಯ ಪರಿಹಾಸವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು. ಯಾವ ಯಂತ್ರದ ಯಾವ ಅಂಗ ಎಂದು ಸವೆಯಿತು, ಅದನ್ನು ಯಾರು ಹೇಗೆ ಸರಿಪಡಿಸಿದರೆಂಬ ಊರಿನ ಸ್ಮೃತಿಯೆಲ್ಲ ಈ ಮಾತುಗಳಲ್ಲಿಯೇ ಉಳಿದಿದೆ.

ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರಿನವರು ತಮ್ಮ ಲಿಫ್ಟನ್ನು ಹೊಗಳುವರು. ಹ್ಯಾರಿ ಫರ್ಗುಸನ್ನನು ನೇಗಿಲನ್ನು ಟ್ರ್ಯಾಕ್ಟರಿನ ಅಂಗವೇ ಆಗುವಂತೆ ಮೂರು ಕಡೆ ಬಂಧಿಸಿದ ಆ ವಿದ್ಯೆಗೆ ಹೊಗಳಿಕೆ ಸಲ್ಲುವಂಥದೇ. ಜೆಟರ್ ಟ್ರ್ಯಾಕ್ಟರಿನವರ ಅಭಿಮಾನ ಬೇರೆ ಬಗೆಯದು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆಯು, 1971ರಲ್ಲಿ ಆಗಿನ ಚೆಕೊಸ್ಲೊವಾಕಿಯದ ಜೆಟರಿನ ತಂತ್ರಜ್ಞಾನವನ್ನು ಪಡೆದು ಪಿಂಜೋರಿನಲ್ಲಿ ಟ್ರ್ಯಾಕ್ಟರು ಮಾಡತೊಡಗಿತು. 2016ರಲ್ಲಿ ಆ ಘಟಕವನ್ನು ಮುಚ್ಚುವ ನಿರ್ಣಯವಾಯಿತು. ಮಾಡಿದ ಕಾರ್ಖಾನೆಯೇ ಇಲ್ಲದ ಮೇಲೂ ಆ ಯಂತ್ರಗಳು ಉಳುತ್ತಿರುವುದು, ಸವೆದ ಬುಶ್ಶನ್ನು ಕರವಸ್ತ್ರದಲ್ಲಿ ಕಟ್ಟಿ ತಂದವನಿಗೆ ಅದೇ ಅಳತೆಯದನ್ನು ಕಡೆದುಕೊಡುವ ಲೇಥ್ ಕೆಲಸಗಾರರು ಬೆಳಗಾವಿಯಲ್ಲಿರುವುದರಿಂದ.

ಜಾಂಬೋಟಿಯ ಕಡೆ ಒಂದು ಮುಂಜಾನೆ, ಕಬ್ಬಿಣದ ಕೆಸರುಗಾಲಿ ಹಾಕಿಕೊಂಡು ರೊಜ್ಜು ಮಾಡುತ್ತಿದ್ದ ಮುದಿ ಜೆಟರು, ಡೀಸೆಲು ತೀರಿ, ಗದ್ದೆಯ ನಡುವೆ ನಿಂತುಬಿಟ್ಟಿತು. ಡೀಸೆಲು ಸುರಿದರೂ, ಕೊಳವೆಯಲ್ಲಿ ಗಾಳಿ ಸೇರಿಕೊಂಡು, ಏರು ಹಿಡಿದಿತ್ತು. ಚಹದಂಗಡಿಯ ಆ ತರುಣನೇ ಮೊಳಕಾಲುದ್ದದ ಕೆಸರಿಗಿಳಿದು, ಫಿಲ್ಟರಿನ ಸ್ಕ್ರೂ ಸಡಿಲಿಸಿ, ನೊರೆನೊರೆಯಾಗಿ ಉಕ್ಕುತ್ತಿದ್ದ ಡೀಸೆಲು ಗುಳ್ಳೆಯಡಗಿ ಒಂದೇ ಧಾರೆಯಾಗುವವರೆಗೆ ಕೈಪಂಪನ್ನು ಒತ್ತುತ್ತ ನಿಂತನು. ಆದರೆ ಸೆಲ್ಫು ಎಳೆಯದು. ಅವನು ಬದುವಿನ ಮೇಲಿದ್ದ ತನ್ನ ಹೊಸ ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಕಳಚಿ, ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಬಂದನು.

“ಗದ್ಯಾಗ ಇಳಕಲ ಎಲ್ಲಿಂದ ತರೂಣು, ಕಾಕಾ? ಹೊಡೀರಿನ್ನ” ಎಂದನು.