ಎತ್ತು, ಹೋರಿ ಮತ್ತು ಗಂಡಸು

ನಮ್ಮ ರಾಯಚೂರು ಜಿಲ್ಲೆಯ ಗಂಡಸರನ್ನು ಅಂಜುಬುರುಕರೆಂದು ಯಾರೂ ಹೇಳಲಾರರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಅದಿರಿಗಾಗಿ 2,000 ಅಡಿಗೂ ಹೆಚ್ಚು ಆಳಕ್ಕೆ ಇಳಿಯುವವರಿದ್ದಾರೆ. ಸಿಂಧನೂರಿನಲ್ಲಿ 75 ಕಿಲೋ ತೂಗುವ ಭತ್ತದ ಚೀಲವನ್ನು ಬೆನ್ನಿಗೇರಿಸಿಕೊಂಡು ಲಾರಿ ತುಂಬುವ ಹಮಾಲರಿದ್ದಾರೆ. ಮಸ್ಕಿಯ ಮೇ ತಿಂಗಳ ಬಿಸಿಲಿನಲ್ಲಿ ಬರಿಗಾಲಲ್ಲಿ ಹೊಲ ಸುತ್ತುವವರಿದ್ದಾರೆ. ಆದರೆ ಇವರೆಲ್ಲ ಒಂದು ಮಾತಿಗೆ ಮಾತ್ರ ಬೆವರುತ್ತಾರೆ. “ಮಕ್ಕಳು ಸಾಕೆಂದು ಗಂಡ ಹೆಂಡತಿ ಇಬ್ಬರೂ ತೀರ್ಮಾನಿಸಿದ್ದೀರಿ. ಆಪರೇಷನ್ನು ನೀವೇ ಏಕೆ ಮಾಡಿಸಿಕೊಳ್ಳಬಾರದು?” ಎಂದು ಕೇಳಿ ನೋಡಿ. ಗಣಿಗೆ ಇಳಿದವನೂ ಚಪ್ಪಲಿ ಹುಡುಕತೊಡಗುತ್ತಾನೆ.

ಉತ್ತರವೂ ಸಾಮಾನ್ಯವಾಗಿ ಒಂದೇ. “ಅಲ್ರೀ ಸರ್, ನಾವು ದುಡಿದು ತಿನ್ನೋ ಮಂದಿ. ಗಂಡಸು ಆಪರೇಷನ್ ಮಾಡಿಸ್ಕೊಂಡ್ರ ಮೈಯಾಗಿನ ತಾಕತ್ತು ಹೋಗ್ತದ. ಹೆಂಗಸರಿಗಾದ್ರ ಏನೂ ಆಗಂಗಿಲ್ಲ.”

ಏನೂ ಆಗದ ಆ ಹೆಂಗಸು ಯಾರು? ನಾಟಿಯ ಕಾಲದಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕೆಸರಿನಲ್ಲಿ ನಡು ಬಗ್ಗಿಸಿ ನಿಲ್ಲುವವಳು. ಮನೆಗೆ ಬಂದು ನೀರು ಹೊತ್ತು, ರೊಟ್ಟಿ ಬಡಿದು, ಕೊನೆಗೆ ಉಣ್ಣುವವಳು. ಹೊಟ್ಟೆ ಕೊಯ್ಯಿಸಿಕೊಂಡು ಬಂದ ಮೇಲೂ ಈ ಕೆಲಸಗಳು ಅವಳವೇ. ದುಡಿಯುವ ಮಂದಿಯ ಲೆಕ್ಕದಲ್ಲಿ ಅವಳು ಬರಲಿಲ್ಲ, ನೋಡಿ.

ಗಂಡಸಿನ ಈ ಅಂಜಿಕೆಗೆ ಒಂದು ಮೂಲವಿದೆ. ನಮ್ಮ ರೈತ ಪುಸ್ತಕ ಓದದಿದ್ದರೂ ಪ್ರಾಣಿಶಾಸ್ತ್ರ ಬಲ್ಲವನು. ಹೋರಿಯ ಬೀಜ ಒಡೆಸಿದರೆ ಅದರ ಸೊಕ್ಕು ಇಳಿಯುತ್ತದೆ, ಎತ್ತಾಗಿ ನೊಗಕ್ಕೆ ಕೊರಳು ಕೊಡುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ದವಾಖಾನೆಯಲ್ಲಿ ತನಗೂ ಅದನ್ನೇ ಮಾಡುತ್ತಾರೆಂದು ಅವನ ಭಾವನೆ. ಆದರೆ ಇವೆರಡೂ ಬೇರೆ ಬೇರೆ. ಎತ್ತಿಗೆ ಮಾಡುವುದು ವೃಷಣವನ್ನೇ ನಾಶಪಡಿಸುವ ಕೆಲಸ. ಗಂಡಸಿನ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ, ಅಂದರೆ ವಾಸೆಕ್ಟಮಿಯಲ್ಲಿ, ವೃಷಣವನ್ನು ಮುಟ್ಟುವುದೇ ಇಲ್ಲ. ಅಲ್ಲಿಂದ ವೀರ್ಯಾಣುಗಳನ್ನು ಸಾಗಿಸುವ ಎರಡು ಸಣ್ಣ ನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ, ಅಷ್ಟೇ.

ತರಗತಿಯಲ್ಲಿ ನಾನು ಇದಕ್ಕೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಉದಾಹರಣೆ ಕೊಡುತ್ತೇನೆ. ಒಂದು ಉಪಕಾಲುವೆಯ ಗೇಟು ಇಳಿಸಿದರೆ ಆ ಕಾಲುವೆಯ ಕೆಳಗಿನ ಹೊಲಕ್ಕೆ ನೀರು ಬರುವುದಿಲ್ಲ, ನಿಜ. ಅದರಿಂದ ಜಲಾಶಯ ಬತ್ತುತ್ತದೆಯೇ? ದನಿ, ಮೀಸೆ, ಸ್ನಾಯುಬಲ, ಕಾಮನೆ, ಇವಕ್ಕೆ ಕಾರಣವಾದ ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನು ಈ ನಾಳದಲ್ಲಿ ಹರಿಯುವುದೇ ಇಲ್ಲ. ಅದು ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ನಾಳ ಕಟ್ಟಿದ ಮೇಲೂ ಹಾಗೆಯೇ ಸೇರುತ್ತಿರುತ್ತದೆ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ಬಹಳ ಕಡಿಮೆಯಾದ್ದರಿಂದ ಹೊರನೋಟಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನೊಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ತಾಕತ್ತು ಹೋಗುತ್ತದೆಂದು ನಾವು ಅಂಜುವ ಆ ಎತ್ತು ತಾನೆ ದಿನವಿಡೀ ಗಳೆ ಹೊಡೆಯುವುದು, ಬಂಡಿ ಎಳೆಯುವುದು?

1974ರಲ್ಲಿ ಚೀನಾದ ವೈದ್ಯ ಲಿ ಷುನ್‌ಚಿಯಾಂಗ್ ಚಾಕು ಬಳಸದೆ, ಚರ್ಮದಲ್ಲಿ ಒಂದು ಸಣ್ಣ ರಂಧ್ರ ಮಾಡಿ ಈ ಕೆಲಸ ಮುಗಿಸುವ ವಿಧಾನವನ್ನು ರೂಪಿಸಿದರು. ಈಗ ನಮ್ಮಲ್ಲೂ ಅದೇ ರೂಢಿಯಲ್ಲಿದೆ. ಆ ಜಾಗ ಜೋಮು ಹಿಡಿಯುವಂತೆ ಒಂದು ಇಂಜಕ್ಷನ್, ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಅದೇ ದಿನ ಮನೆಗೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಬಾರದು. ಆದರೆ ಒಂದು ಎಚ್ಚರ ಬಹಳ ಮುಖ್ಯ. ನಾಳದಲ್ಲಿ ಮೊದಲೇ ಉಳಿದ ವೀರ್ಯಾಣುಗಳು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಈ ಮಾತು ಮರೆತ ಮನೆಗಳಲ್ಲಿ ಹೆಂಡತಿ ಬಸುರಾದರೆ, ಊರು ಸಂಶಯಪಡುವುದು ಆ ಹೆಣ್ಣುಮಗಳನ್ನೇ. ನಾಳವನ್ನು ಮತ್ತೆ ಜೋಡಿಸುವುದು ಸುಲಭವಲ್ಲ, ಫಲ ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ. ಆದ್ದರಿಂದ ಮಕ್ಕಳು ಸಾಕು ಎಂಬುದು ಖಚಿತವಾದವರಿಗೆ ಮಾತ್ರ ಇದು. ಹೆಂಗಸರ ಆಪರೇಷನ್ನಿನಲ್ಲಾದರೆ ಹೊಟ್ಟೆಯ ಒಳಗಿನ ನಾಳಗಳನ್ನು ತಲುಪಬೇಕು. ಹಾಗಾಗಿ ಅದು ಹೆಚ್ಚು ದೊಡ್ಡ ಕೆಲಸ, ಅಪಾಯವೂ ಹೆಚ್ಚು.

ಹೀಗಿರುವಾಗ ಲೆಕ್ಕ ಹೇಗಿರಬೇಕಿತ್ತು, ಹೇಗಿದೆ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ಶೇಕಡಾ 37.9 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡ ದಂಪತಿಗಳು ಶೇಕಡಾ 0.3. ನಮ್ಮ ಕರ್ನಾಟಕದಲ್ಲಿ ಹೆಂಗಸರ ಪಾಲು ಶೇಕಡಾ 57ಕ್ಕೂ ಹೆಚ್ಚು. ಗಂಡಸರ ಪಾಲು ಸೊನ್ನೆಗೆ ಅಂಟಿಕೊಂಡಿದೆ.

ಹಿಂದೆಯೂ ಹೀಗೇ ಇತ್ತೆಂದು ತಿಳಿಯಬೇಡಿ. 1960ರ ದಶಕದಲ್ಲಿ ನಮ್ಮ ದೇಶದಲ್ಲಿ ಗಂಡಸರ ಆಪರೇಷನ್‌ಗಳೇ ಹೆಚ್ಚಾಗಿದ್ದವು. 1971ರ ಜುಲೈಯಲ್ಲಿ ಕೇರಳದ ಎರ್ನಾಕುಲಂನಲ್ಲಿ ನಡೆದ ಒಂದೇ ಶಿಬಿರದಲ್ಲಿ 63 ಸಾವಿರಕ್ಕೂ ಹೆಚ್ಚು ಗಂಡಸರು ಮಾಡಿಸಿಕೊಂಡರು. ಆಮೇಲೆ ತುರ್ತುಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷ ಆಪರೇಷನ್‌ಗಳಾದವು, ಅದರಲ್ಲಿ ಸುಮಾರು 62 ಲಕ್ಷ ಗಂಡಸರವು. ಎಷ್ಟೋ ಕಡೆ ಹಿಡಿದು ತಂದು, ಹೆದರಿಸಿ ಮಾಡಿದರು. ಅದು ಅನ್ಯಾಯವೇ. ಆದರೆ ಆ ಅನ್ಯಾಯದ ನಂತರ ಸರಕಾರಗಳು ಗಂಡಸರ ತಂಟೆಯೇ ಬೇಡವೆಂದು ಹೆಂಗಸರ ಕಡೆ ತಿರುಗಿದವು. ಗಂಡಸರ ಹೆದರಿಕೆಯ ಬೆಲೆಯನ್ನು ಅಂದಿನಿಂದ ಹೆಂಗಸರು ತೆರುತ್ತಿದ್ದಾರೆ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಒಂದೇ ದಿನ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಬೇಕಾಯಿತು.

ಪರರಿಗೆ ಹೇಳುವ ಮೊದಲು ನನ್ನ ಮಾತು ಹೇಳುತ್ತೇನೆ. ನನ್ನ ಹೆಂಡತಿಗೆ ಎರಡನೆಯ ಹೆರಿಗೆ ಬಹಳ ತ್ರಾಸದಿಂದ ಆಯಿತು. ಮೈಯಲ್ಲಿ ರಕ್ತ ಕಡಿಮೆಯಿತ್ತು. ಆಪರೇಷನ್ ನಾನೇ ಮಾಡಿಸಿಕೊಳ್ಳುತ್ತೇನೆ ಎಂದೆ. ಮೊದಲು ಅಡ್ಡ ಬಂದವಳು ನನ್ನ ತಾಯಿ. “ಮನ್ಯಾಗ ಸೊಸಿ ಅದಾಳಲ್ಲೋ, ನಿನಗ್ಯಾಕ ಬೇಕಪ್ಪಾ?” ಎಂದಳು. ಆ ಸೊಸೆಗೆ ತಾನೇ ಬಾಣಂತನ ಮಾಡಿ, ರಾತ್ರಿಯೆಲ್ಲ ಕೂಸನ್ನು ಎತ್ತಿಕೊಂಡು ಕೂತಿದ್ದವಳು ಆಕೆ. ಕೆಟ್ಟವಳಲ್ಲ. ಗಂಡುಮಗನ ಮೈ ಒಡವೆ, ಹೆಣ್ಣಿನ ಮೈ ಪಾತ್ರೆ ಎಂದು ಆಕೆಗೂ ಯಾರೋ ಕಲಿಸಿದ್ದರು. ಸ್ಟಾಫ್ ರೂಮಿನಲ್ಲಿ ಒಂದೆರಡು ತಿಂಗಳು ನಗೆಚಾಟಿಕೆ ನಡೆಯಿತು. ಒಂದು ವಾರಕ್ಕೆ ನಾನು ಕರಿಹಲಗೆಯ ಮುಂದೆ ನಿಂತಿದ್ದೆ. ಇಷ್ಟು ವರ್ಷಗಳಾದವು, ನನ್ನ ದನಿ ಇಂದಿಗೂ ಹಿಂದಿನ ಬೆಂಚಿಗೆ ಕೇಳಿಸುತ್ತದೆ.

ಆಪರೇಷನ್ನು ಒಂದು ಮಾತಷ್ಟೇ. ಹೆಣ್ಣು ಹುಟ್ಟಿದರೆ ಸೊಸೆಯನ್ನು ಹಂಗಿಸುವ ಮನೆಗಳು ಈಗಲೂ ಇವೆ. ತಾಯಿಯ ಅಂಡಾಣುವಿನಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ. ಎಕ್ಸ್ ಅಥವಾ ವೈ ಕೊಡುವವನು ತಂದೆ. ಹಿಟ್ಟಿನ ಹುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 1905ರಲ್ಲಿ ಇದರ ಗುಟ್ಟು ಹಿಡಿದವರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕದ ಮಹಿಳೆಯೂ ಒಬ್ಬರು. ಮಕ್ಕಳಾಗದಿದ್ದರೆ ಬಂಜೆ ಎನ್ನುತ್ತೇವೆ. ಮಕ್ಕಳಾಗದ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಆದರೂ ಬಂಜೆ ಎಂಬುದಕ್ಕೆ ಜೋಡಿಯಾಗಿ ಗಂಡಸಿಗೆ ಹೇಳುವ ಮಾತು ನಮ್ಮ ಊರಾಡುಮಾತಿನಲ್ಲಿ ಇಲ್ಲ. ಷಂಡ ಎಂಬುದಕ್ಕೆ ಅರ್ಥವೇ ಬೇರೆ. ಗಂಡಸು ಪರೀಕ್ಷೆಗೆ ಹೋಗಲು ಒಪ್ಪದೆ, ಹೆಂಡತಿಯನ್ನು ಗುಡಿ, ದವಾಖಾನೆ ಸುತ್ತಿಸಿ, ಕೊನೆಗೆ ಎರಡನೆಯ ಮದುವೆಗೆ ಹೊರಟ ಕಥೆಗಳನ್ನು ನೀವೂ ಕೇಳಿರುತ್ತೀರಿ.

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನ ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿತ್ತು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಈ ಶಾಸನದಲ್ಲಿ. ಗೆದ್ದ ರಾಜರು ಗೆಲುವನ್ನು ಕೆತ್ತಿಸುವುದು ವಾಡಿಕೆ. ಈ ರಾಜನಾದರೋ ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಕಳಿಂಗದಲ್ಲಿ ಸತ್ತವರ ಲೆಕ್ಕ ಕೊಟ್ಟು, ಆ ನೋವಿಗೆ ಕಾರಣ ತಾನು ಎಂದು ದುಃಖಪಟ್ಟಿದ್ದಾನೆ. ಅದರಿಂದ ಅವನನ್ನು ಹೇಡಿ ಎಂದವರಿಲ್ಲ. ತನ್ನ ಪಾಲಿನದನ್ನು ತನ್ನದೆಂದು ಒಪ್ಪಿಕೊಳ್ಳುವುದು ಗಂಡಸುತನಕ್ಕೆ ಕುಂದಲ್ಲ ಎಂಬ ಮಾತಿಗೆ ನಮ್ಮ ಮಗ್ಗುಲಿನ ಊರಿನಲ್ಲೇ ಹೆಸರಿರುವ ಅವನಿಗಿಂತ ದೊಡ್ಡ ಸಾಕ್ಷಿ ಬೇಕೆ?

ಆಶಾ ಕಾರ್ಯಕರ್ತೆ ಮನೆಗೆ ಬಂದು ಆಪರೇಷನ್ನಿನ ಮಾತು ತೆಗೆದಾಗ ಗಂಡಸರು ಎದ್ದು ಕಟ್ಟೆಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಮುಂದಿನ ಸಲ ಆಕೆ ಬಂದಾಗ ಎದ್ದು ಹೋಗಬೇಡಿ. ಕುಳಿತು ಕೇಳಿ.