ಮಳೆಗಾಲದ ಕಾಕ್‌ಟೇಲ್‌ನಲ್ಲಿ ಹೊಸಪೇಟೆಯ ಬೆಲ್ಲ ಇರಲಿ

ತುಂಗಭದ್ರಾ ಜಲಾಶಯದ ಗೇಟು ಎತ್ತಿದರೆಂಬ ಸುದ್ದಿ ಬಂದರೆ ಸಾಕು, ಹೊಸಪೇಟೆಗೆ ಮಳೆಗಾಲದ ಕಳೆ ಬರುತ್ತದೆ. ಊರಿಗೆ ಬೀಳುವುದು ಜಿಟಿಜಿಟಿ ಹನಿಯಾದರೂ ಮಲೆನಾಡಿನ ನೀರು ಇಲ್ಲಿ ಬಂದು ನಿಲ್ಲುತ್ತದೆ. 33 ಗೇಟುಗಳನ್ನು ನೋಡಲು ಜನ ಮುಗಿಬೀಳುತ್ತಾರೆ. ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ಹೊರಹರಿವು ಹೆಚ್ಚಿದರೆ ಕಂಪ್ಲಿ ಸೇತುವೆಯ ಮೇಲೆ ಸಂಚಾರವೇ ಬಂದ್. ಹಂಪಿಯ ದೇವಸ್ಥಾನದ ಸುತ್ತ ಮದ್ಯಕ್ಕೆ ಅವಕಾಶವಿಲ್ಲದ್ದರಿಂದ, ಸಂಜೆಗೊಂದು ಗ್ಲಾಸು ಬೇಕೆನ್ನುವ ಪ್ರವಾಸಿಗರು ಹೊಸಪೇಟೆ ಕಡೆಯ ಹೋಟೆಲ್ ಬಾರ್‌ಗಳಿಗೇ ಬರಬೇಕು.

ಅಲ್ಲಿ ಕೂತು ‘ಮಾನ್ಸೂನ್ ಸ್ಪೆಷಲ್’ ಕೇಳಿದವರ ಮುಂದೆ ಏನು ಬರಬೇಕು? ದೇಶದ ಎಷ್ಟೋ ಹೋಟೆಲ್‌ಗಳು ಈ ಹೆಸರಿನಲ್ಲಿ ಕೊಡುವುದು ಬಾಟಲಿಯಿಂದ ಸುರಿದ ನೀಲಿ ಸಿರಪ್ಪು, ಸ್ಟ್ರಾಬೆರಿ ಎಸೆನ್ಸು, ಅಂಚಿಗೆ ಸಿಕ್ಕಿಸಿದ ಕಾಗದದ ಕೊಡೆ. ಮುಂಬೈಯಲ್ಲೂ ಅದೇ, ಮೈಸೂರಿನಲ್ಲೂ ಅದೇ. ಜುಲೈಗೂ ಅದೇ, ಡಿಸೆಂಬರ್‌ಗೂ ಅದೇ. ಅದಕ್ಕೆ ಋತುವಿನ ಹೆಸರಿಡುವುದು ಗಿರಾಕಿಗೆ ಮಾಡುವ ಮೋಸ.

ಜಗತ್ತಿನ ಹೆಸರಾಂತ ಕಾಕ್‌ಟೇಲ್‌ಗಳಲ್ಲೊಂದು ಹುಟ್ಟಿದ್ದು ಹೊಸಪೇಟೆ ಪಕ್ಕದ ಸಂಡೂರಿನಂಥದ್ದೇ ಗಣಿ ನೆಲದಲ್ಲಿ. ಕ್ಯೂಬಾದ ಸಾಂಟಿಯಾಗೊ ಬಳಿಯ ಡೈಕಿರಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ಊರು. 1898ರ ಸುಮಾರಿಗೆ ಅಲ್ಲಿದ್ದ ಅಮೆರಿಕದ ಗಣಿ ಎಂಜಿನಿಯರ್ ಜೆನ್ನಿಂಗ್ಸ್ ಕಾಕ್ಸ್, ಆ ಊರಿನಲ್ಲಿ ಸಿಗುತ್ತಿದ್ದ ರಮ್ಮಿಗೆ ನಿಂಬೆರಸ, ಸಕ್ಕರೆ ಬೆರೆಸಿದರು ಎಂಬುದು ಪ್ರಚಲಿತ ಕಥೆ. ಪಾನೀಯಕ್ಕೆ ಗಣಿಯ ಹೆಸರೇ ನಿಂತಿತು. ಸಂಡೂರಿನ ದೋಣಿಮಲೈಯಲ್ಲೂ ಅದಿರಿದೆ. ಗುಡ್ಡ ಇಳಿದು ಹೊಸಪೇಟೆ ಕಡೆ ಬಂದರೆ ವಿಜಯನಗರ ಕಾಲದ ರಾಯ, ಬಸವಣ್ಣ ಕಾಲುವೆಗಳ ನೀರುಂಡ ಕಬ್ಬು, ಬಾಳೆ. ಆದರೆ ಈ ಸೀಮೆಯ ಹೆಸರು ಹೊತ್ತ ಒಂದು ಪಾನೀಯವೂ ಹೆಸರು ಮಾಡಿಲ್ಲ.

ಬೇಕಾದದ್ದೆಲ್ಲ ಆಲೆಮನೆಯಲ್ಲಿದೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಐಎಸ್‌ಆರ್ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಬೆಳೆಗಾರರು ಕಬ್ಬನ್ನು ದೂರದ ಕಾರ್ಖಾನೆಗೆ ಸಾಗಿಸಬೇಕು, ಇಲ್ಲವೇ ಆಲೆಮನೆಗೆ ಕೊಡಬೇಕು. ಗಾಣದಿಂದ ಇಳಿದ ಕಬ್ಬಿನಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಉರುವಲು. ಮೇಲೆ ಕಟ್ಟುವ ಕೊಳೆಯನ್ನು ತೆಗೆಯುತ್ತ ಹೋದಂತೆ ಹಸಿರು ಹಾಲು ಹೊಂಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಅಚ್ಚಿನ ಪಾಕ ಬರುವ ಮುಂಚೆಯೇ ಇಳಿಸಿದರೆ ಜೋನಿಬೆಲ್ಲ. ಅದರ ಸಿಹಿಯಲ್ಲಿ ತುಸು ಉಪ್ಪು, ತುಸು ಹೊಗೆ ಇರುತ್ತದೆ. ಸಕ್ಕರೆ ಪಾಕಕ್ಕೆ ಅದು ಎಂದೂ ಬರುವುದಿಲ್ಲ.

ಒಂದು ಚಮಚ ಜೋನಿಬೆಲ್ಲ, ಅರ್ಧ ನಿಂಬೆಹಣ್ಣು, ಜಜ್ಜಿದ ಹಸಿಶುಂಠಿ, ಎರಡು ಕಾಳುಮೆಣಸು, ಮೇಲೆ ರಮ್. ರಮ್ಮೂ ದೂರದ್ದಾಗಬೇಕಿಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2025ರಲ್ಲಿ ‘ಬೆಲ್ಲ’ ಎಂಬ ಹೆಸರಿನಲ್ಲೇ ಬೆಲ್ಲದ ರಮ್ ಹೊರತಂದಿದೆ. ಜೂನ್‌ನಲ್ಲಿ ಇದೇ ಗ್ಲಾಸಿಗೆ ನೇರಳೆಹಣ್ಣಿನ ಒಗರು ಸೇರಲಿ, ಸೆಪ್ಟೆಂಬರ್‌ನಲ್ಲಿ ಸೀತಾಫಲದ ತಿರುಳು. ಹಣ್ಣು ಮುಗಿದ ದಿನ ಮೆನುವಿನಿಂದ ಆ ಹೆಸರೂ ಹೋಗಬೇಕು.

ಕುಡಿತಕ್ಕೆ ಹೀಗೆ ಅಂದದ ಹೆಸರು ಕೊಡಬೇಕೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೂ ಮನೆಗಳ ಸಂಕಟ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕೆ ಆಗ್ರಹಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಸಂಡೂರಿನ ಚೆಲುವನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಎಂಬ ಮಾತನ್ನು ಈ ಸೀಮೆಯ ಜನ ಇಂದಿಗೂ 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯ ಹೆಸರಿನಲ್ಲೇ ಹೇಳುತ್ತಾರೆ. ಮದ್ಯದ ವಿಚಾರದಲ್ಲಿ ಅವರ ನಿಲುವು ಎಲ್ಲರಿಗೂ ಗೊತ್ತು.

ಆದ್ದರಿಂದ ಮೆನುವಿನ ಅದೇ ಪುಟದಲ್ಲಿ, ಅದೇ ಅಕ್ಷರದಲ್ಲಿ, ರಮ್ ಇಲ್ಲದ ಗ್ಲಾಸೂ ಇರಬೇಕು. ಬೆಲ್ಲ, ನಿಂಬೆ, ಶುಂಠಿ, ಮೆಣಸು ಬೆರೆತರೆ ಅದು ನಮ್ಮ ರಾಮನವಮಿಯ ಪಾನಕವೇ. ಮದ್ಯದ ಹಂಗಿಲ್ಲದೆ ನಿಲ್ಲುವ ರುಚಿ ಅದಕ್ಕಿದೆ. ಅದಿರಿನ ಲಾರಿಗಳು ಓಡುವ ರಸ್ತೆಯಲ್ಲಿ ಮಳೆಯ ರಾತ್ರಿ ಕಾರು ಓಡಿಸಬೇಕಾದವರಿಗೆ ಅದೊಂದೇ ಸರಿಯಾದ ಆಯ್ಕೆ.

ಹೊಸಪೇಟೆ, ಕಮಲಾಪುರದ ಹೋಟೆಲ್ ಮಾಲೀಕರು ಈ ಮಳೆಗಾಲ ಮುಗಿಯುವುದರೊಳಗೆ ಒಂದು ಆಲೆಮನೆಗೆ ಹೋಗಿ ಬರಲಿ. ಜೋನಿಬೆಲ್ಲವನ್ನು ನಗದು ಕೊಟ್ಟು ನೇರವಾಗಿ ಕೊಳ್ಳಲಿ, ಅದು ಬಂದ ಊರಿನ ಹೆಸರನ್ನು ಮೆನುವಿನಲ್ಲಿ ಕನ್ನಡದಲ್ಲೇ ಬರೆಸಲಿ.